ದೊಡ್ಡಪ್ಪ ಹಾಕಿದ್ದ ತಾಪಮಾನದ ಗ್ರಾಫಿನ ಬಗ್ಗೆ

ದೊಡ್ಡಪ್ಪ, ನೀವು ಬೆಳಿಗ್ಗೆ ಗ್ರೂಪಿಗೆ ಹಾಕಿದ್ದ ಗ್ರಾಫ್ ನೋಡ್ದೆ. ಅದೇ, 48.5 ಕೋಟಿ ವರ್ಷದ ಭೂಮಿಯ ತಾಪಮಾನ ತೋರಿಸೋದು. ಕೆಳಗೆ "ಹಿಂದೆ ಇದಕ್ಕಿಂತ ಬಿಸಿ ಇತ್ತಲ್ಲ, ಈಗ್ಯಾಕೆ ಇಷ್ಟು ಗಾಬರಿ" ಅಂತ ಬರೆದಿದ್ರಿ. ಟೈಪ್ ಮಾಡಿದ್ರೆ ಮುಗಿಯಲ್ಲ, ಬಾಯಲ್ಲೇ ಹೇಳ್ತೀನಿ, ಪುರಸೊತ್ತಲ್ಲಿ ಕೇಳಿ.

ಗ್ರಾಫ್ ಸುಳ್ಳಲ್ಲ. 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಿದ್ದು. ಇಡೀ ಭೂಮಿಯ ಸರಾಸರಿ 11 ಡಿಗ್ರಿಯಿಂದ 36ರವರೆಗೂ ಹೋಗಿ ಬಂದಿದೆ, ಈಗಿರೋದು 15ರ ಆಸುಪಾಸು. ಹಂಗಾಗಿ ಬಿಸಿ ಇತ್ತು ಅನ್ನೋ ನಿಮ್ಮ ಮಾತು ನಿಜ. ಆದ್ರೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ ಬಿಸಿ ಏರಿದೆ, ಇಳಿದಾಗ ಇಳಿದಿದೆ ಅಂತಾನೂ ಅದೇ ಲೇಖನದಲ್ಲಿದೆ. ಫಾರ್ವರ್ಡ್ ಮಾಡಿದವರು ಅದನ್ನ ಬಿಟ್ಟುಬಿಟ್ಟಿದ್ದಾರೆ.

ಅಷ್ಟು ಹಿಂದಿನದು ಹೆಂಗೆ ಗೊತ್ತಾಗುತ್ತೆ ಅಂತ ಚಿಕ್ಕಮ್ಮ ಕೇಳಿದ್ರಲ್ಲ. ಒಂದು ದಾರಿ ಹೇಳ್ತೀನಿ. ಸಮುದ್ರದಲ್ಲಿ ಮರಳ ಕಾಳಿನಷ್ಟು ಸಣ್ಣ ಜೀವಿಗಳಿವೆ, ಫೊರಾಮಿನಿಫೆರಾ ಅಂತ. ಅವು ನೀರಿನಲ್ಲಿರೋ ಆಮ್ಲಜನಕ ತಗೊಂಡು ಚಿಪ್ಪು ಕಟ್ಟಿಕೊಳ್ತವೆ. ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಅಂತ ಇದೆ. ನೀರು ತಣ್ಣಗಿದ್ದಷ್ಟೂ ಚಿಪ್ಪಿಗೆ ಭಾರದ್ದು ಜಾಸ್ತಿ ಸೇರುತ್ತೆ. ಸತ್ತ ಮೇಲೆ ಅವು ತಳದ ಕೆಸರಿನಲ್ಲಿ ಪದರ ಪದರವಾಗಿ ಕೂರ್ತವೆ. ಆ ಕೆಸರು ಕೊರೆದು ತೆಗೆದು, ಒಂದೊಂದು ಪದರದ ಚಿಪ್ಪು ಅಳೆದು ಲೆಕ್ಕ ಹಾಕ್ತಾರೆ. 1955ರಲ್ಲೇ ಎಮಿಲಿಯಾನಿ ಅನ್ನೋ ವಿಜ್ಞಾನಿ ಇದರಿಂದ ಹಿಮಯುಗಗಳ ಏರಿಳಿತ ತೋರಿಸಿದ್ರು. ನನಗಂತೂ ಇದು ಎಷ್ಟು ಸಲ ಓದಿದ್ರೂ ಮೈ ಜುಮ್ಮನ್ನುತ್ತೆ.

ಈಗ ಆ ಗ್ರಾಫಿನ ಅಡ್ಡಗೆರೆ ನೋಡಿ ದೊಡ್ಡಪ್ಪ. ನಿಮ್ಮ ಫೋನ್ ಅಡ್ಡ ಹಿಡಿದ್ರೆ ಒಂದು ಇಂಚಿಗೆ ಸುಮಾರು 8 ಕೋಟಿ ವರ್ಷ. ಮನುಷ್ಯ ಬೇಸಾಯ ಶುರು ಮಾಡಿ ಸುಮಾರು 12,000 ವರ್ಷ, ಅದು ಆ ಗೆರೆ ಮೇಲೆ ತಲೆಗೂದಲಿನಷ್ಟು ಅಗಲಾನೂ ಬರಲ್ಲ. 5.6 ಕೋಟಿ ವರ್ಷದ ಹಿಂದೆ ಭೂಮಿ ದಿಢೀರ್ ಅಂತ 5-6 ಡಿಗ್ರಿ ಕಾದಿತ್ತು. ಆ ದಿಢೀರ್‌ಗೂ ಕೆಲವು ಸಾವಿರ ವರ್ಷ ಹಿಡಿದಿತ್ತು. ನಾವು 150 ವರ್ಷದಲ್ಲೇ 1 ಡಿಗ್ರಿ ದಾಟಿದ್ದೀವಿ. ಅಂಟಾರ್ಕ್ಟಿಕಾದ ಹಿಮ ಕೊರೆದು ನೋಡಿದ 8 ಲಕ್ಷ ವರ್ಷದಲ್ಲಿ ಕಾರ್ಬನ್ ಡೈಆಕ್ಸೈಡ್ ಗಾಳಿಯ ಹತ್ತು ಲಕ್ಷ ಕಣಕ್ಕೆ 300ರ ಆಸುಪಾಸು ದಾಟಿರಲಿಲ್ಲ, ಈಗ 420ರ ಮೇಲಿದೆ.

ಸರಾಸರಿ 5-6 ಡಿಗ್ರಿ ಅಂದ್ರೆ ಸಣ್ಣದಲ್ಲ. 20,000 ವರ್ಷದ ಹಿಂದೆ ಹಿಮಯುಗದಲ್ಲಿ ಈಗಿನಕ್ಕಿಂತ ಸುಮಾರು 6 ಡಿಗ್ರಿ ಕಮ್ಮಿ ಇದ್ದಿದ್ದಕ್ಕೆ ಸಮುದ್ರ 120 ಮೀಟರ್ ಕೆಳಗಿತ್ತು. ನಮ್ಮ ಕಡೆದೇ ಸಾಕ್ಷಿ ಬೇಕಾದ್ರೆ, ನೀಲಗಿರಿಯ ಜೌಗು ಮಣ್ಣನ್ನ ಪರೀಕ್ಷೆ ಮಾಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಕುಮಾರ್ ಮತ್ತವರ ಜೊತೆಯವರು 1993ರಲ್ಲಿ ಬರೆದಿದ್ದಾರೆ. ಆಗಿನ ಒಣಕಾಲದಲ್ಲಿ ಅಲ್ಲಿ ಹುಲ್ಲು ಹಬ್ಬಿತ್ತು, ಮುಂಗಾರು ಬಲ ಆದಮೇಲೆ ಮರಗಿಡ ಜಾಸ್ತಿ ಆಯ್ತು. ಕೊಡಗಿನ ಬ್ರಹ್ಮಗಿರಿ, ತಡಿಯಂಡಮೋಳ್ ಬೆಟ್ಟಗಳ ಮೇಲೆ ನಾವು ನೋಡೋ ಶೋಲಾ ಕಾಡು, ಹುಲ್ಲುಗಾವಲೂ ಅದೇ ತರದ್ದು.

ಬಿಸಿ ಭೂಮಿಯಲ್ಲಿ ಜೀವ ಇತ್ತು ಅನ್ನೋದು ಸರಿ, ನಮ್ಮ ಅರೇಬಿಕಾ ಕಾಫಿ ಇತ್ತಾ? ಅದಕ್ಕೆ 15ರಿಂದ 25 ಡಿಗ್ರಿ ಇದ್ರೇನೆ ಚೆನ್ನ. ಕಾಫಿ ಹೂ ಬಿಡಿಸೋ ಹೂಮಳೆ ಒಂದು ವಾರ ಹಿಂದೆಮುಂದೆ ಆದ್ರೆ ನೀವೇ ಎಷ್ಟು ಒದ್ದಾಡ್ತೀರಿ.

ಇನ್ನೊಂದು ದೊಡ್ಡಪ್ಪ, ಅಜ್ಜ ಇಂಚು ಸೆಂಟಲ್ಲಿ ಮಳೆ ಬರೆದಿಟ್ಟ ಪುಸ್ತಕಗಳು ನಿಮ್ಮ ಬೀರುವಿನಲ್ಲಿ ಇರಬೇಕಲ್ಲ? ಗೆದ್ದಲು ಹಿಡಿಯೋದ್ರೊಳಗೆ ಪುಟಗಳ ಫೋಟೋ ತೆಗೆದು ಕಳಿಸಿ. ಕಂಪ್ಯೂಟರಿಗೆ ನಾನು ಏರಿಸ್ತೀನಿ.