ಮಗಳು "ನಮ್ಮ ಚರ್ಚು" ಅಂತಾಳೆ. ಕಳಿಸಲಾ, ಬೇಡವಾ?

ಚೆಸ್ಟರ್‌ಫೀಲ್ಡ್ (ಹೊಸಬರು): ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಡರ್ಬಿಶೈರಿಗೆ ಬಂದು ಎರಡು ವರ್ಷ. ಮಗಳಿಗೆ ಒಂಬತ್ತು. ಊರಿನ ಸೊಟ್ಟ ಗೋಪುರದ ಚರ್ಚಿನ ಚರಿತ್ರೆ ಬರೆಯಲು ಶಾಲೆಯಲ್ಲಿ ಹೇಳಿದ್ದಾರೆ. ಡಿಸೆಂಬರಿನಲ್ಲಿ ಅಲ್ಲೇ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ಹಾಡಬೇಕಂತೆ. ನಿನ್ನೆ ಊಟಕ್ಕೆ ಕೂತಾಗ "ನಮ್ಮ ಚರ್ಚು" ಅಂದಳು. ಹರಿಹರದಿಂದ ಬಂದಿರುವ ಅತ್ತೆಯವರು ತುತ್ತು ಬಿಟ್ಟು ನನ್ನ ಮುಖ ನೋಡಿದರು. ಶುಕ್ರವಾರ ಒಪ್ಪಿಗೆ ಫಾರ್ಮ್ ಕೊಡಬೇಕು. ಏನು ಮಾಡಲಿ?

ಡರ್ಬಿ: ಚರಿತ್ರೆ ಬೇರೆ, ಪ್ರಾರ್ಥನೆ ಬೇರೆ. ಶಾಲೆಯ ಪ್ರಾರ್ಥನೆಗೆ ಮಗುವನ್ನು ಸೇರಿಸಬೇಡಿ ಅಂತ ಹೇಳುವ ಹಕ್ಕು ಇಂಗ್ಲೆಂಡಿನಲ್ಲಿ ತಂದೆ ತಾಯಿಗೆ ಇದೆ. ಕಾರಣ ಕೊಡಬೇಕಾಗಿಲ್ಲ. ಪ್ರಾಜೆಕ್ಟಿಗೆ ಹೂಂ ಅನ್ನಿ, ಕ್ಯಾರಲ್ ಬಗ್ಗೆ ಟೀಚರ್ ಹತ್ತಿರ ಮಾತಾಡಿ.

ಚೆಸ್ಟರ್‌ಫೀಲ್ಡ್ (31 ವರ್ಷದಿಂದ): ತಂಗಿ, ಹೆದರಬೇಡಮ್ಮ. ನೈಟ್ ಡ್ಯೂಟಿ ಮುಗಿಸಿ ಬರುವಾಗ ಆ ಗೋಪುರ ಕಂಡರೆ ನನಗೆ ಮನೆ ಬಂತು ಅನಿಸುತ್ತಿತ್ತು. ಅದು ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್. ಗೋಪುರ ಕಟ್ಟಿದ್ದು ಸುಮಾರು 1362ರಲ್ಲಿ. 228 ಅಡಿ ಎತ್ತರ, 45 ಡಿಗ್ರಿ ತಿರುಚಿಕೊಂಡಿದೆ, ಒಂಬತ್ತೂವರೆ ಅಡಿ ವಾಲಿದೆ. ಹಸಿ ಮರ ಬಳಸಿದರು, ಒಳಗೆ ಅಡ್ಡಪಟ್ಟಿ ಸಾಲಲಿಲ್ಲ, ಮೇಲೆ ಸುಮಾರು 33 ಟನ್ ಸೀಸದ ತಗಡು. ಮರ ಒಣಗುತ್ತಾ ಭಾರಕ್ಕೆ ತಿರುಚಿತು ಅನ್ನುತ್ತಾರೆ. ಪ್ಲೇಗ್ ಮಾರಿ ನುರಿತ ಬಡಗಿಗಳನ್ನು ನುಂಗಿತ್ತು, ಅದೂ ಒಂದು ಕಾರಣವಂತೆ. 1961ರ ಡಿಸೆಂಬರಿನಲ್ಲಿ ಬೆಂಕಿ ಬಿತ್ತು. 1756ರ ಹಳೇ ಆರ್ಗನ್ ವಾದ್ಯ ಸುಟ್ಟುಹೋಯಿತು, ಗೋಪುರ ಉಳಿಯಿತು. ಕಮ್ಮಾರನ ಕಥೆಯನ್ನೂ ಮಗಳಿಗೆ ಹೇಳಿ. ಪಕ್ಕದೂರು ಬೋಲ್ಸೋವರಿನ ಕಮ್ಮಾರ ಸೈತಾನನ ಕಾಲಿಗೆ ಲಾಳ ಹೊಡೆಯುವಾಗ ಮೊಳೆ ಮಾಂಸಕ್ಕೆ ಹೋಯಿತಂತೆ. ಸೈತಾನ ನೋವಿಗೆ ಒದ್ದಿದ್ದೇ ಈ ಗೋಪುರಕ್ಕೆ!

ಮಿಲ್ಟನ್ ಕೀನ್ಸ್: ಇದೆಲ್ಲ ಸರಿ ಸಾರ್. ಹರಿಹರದ ಮೊಮ್ಮಗಳಿಗೆ ಹರಿಹರೇಶ್ವರ ದೇವಸ್ಥಾನ ಗೊತ್ತಾ? 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು. ಈ ಗೋಪುರಕ್ಕಿಂತ ನೂರು ವರ್ಷಕ್ಕೂ ಜಾಸ್ತಿ ಹಳೆಯದು. ಗೋಪುರ ಏಳುವಾಗ ನಮ್ಮಲ್ಲಿ ಬುಕ್ಕರಾಯ ಆಳುತ್ತಿದ್ದ. ಹೇಳಿದ್ದೀರಾ? ಮೊದಲು ಮನೆಯಲ್ಲಿ ಕನ್ನಡ ಮಾತಾಡಿ. ಭಾನುವಾರ ಕನ್ನಡ ಕ್ಲಾಸಿಗೆ ಹಾಕಿ. ನಾನು ಹತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ, ಯಾರೂ ಕೇಳುವುದಿಲ್ಲ!

ಲೀಡ್ಸ್: ನೂರಕ್ಕೆ ನೂರು ನಿಜ.

ಮಂಗಳೂರು, ಈಗ ಶೆಫೀಲ್ಡ್: ನಾವು ಕ್ರೈಸ್ತರು. ನಮ್ಮ ಮನೆಯಲ್ಲಿ ಚರ್ಚೂ ಇದೆ, ಕನ್ನಡವೂ ಇದೆ. ಒಂದು ಬಂದರೆ ಇನ್ನೊಂದು ಹೋಗುತ್ತದೆ ಅಂತ ಯಾಕೆ ಅಂದುಕೊಳ್ಳುತ್ತೀರಿ?

ಮಿಲ್ಟನ್ ಕೀನ್ಸ್: ನಾನು ಧರ್ಮದ ಮಾತಾಡಲಿಲ್ಲ. ಭಾಷೆ, ಭಾಷೆ!

ರೆಡಿಂಗ್: ನನ್ನ ಮಗನಿಗೆ 24. ಚಿಕ್ಕವನಿದ್ದಾಗ ಇಂಗ್ಲಿಷ್ ಸಾಕು ಅಂದುಕೊಂಡೆವು. ಹೋದ ವರ್ಷ ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ಫೋನ್ ಹಿಡಿದು ಸುಮ್ನೆ ಕೂತಿದ್ದ. ಮಾತು ಬರಲಿಲ್ಲ. ಅವನು ಚರ್ಚಿಗೆ ಹೋಗಿದ್ದರಿಂದಲ್ಲ, ನಾವು ಮಾತಾಡಿಸದೆ ಹೀಗಾಯಿತು.

ಲೀಡ್ಸ್: ಅದಕ್ಕೇ ಹೇಳುವುದು, ಭಾನುವಾರದ ಕ್ಲಾಸ್.

ಚೆಸ್ಟರ್‌ಫೀಲ್ಡ್ (ಹೊಸಬರು): ಪ್ರಾಜೆಕ್ಟಿಗೆ ಸಹಿ ಹಾಕಿದೆ. ಕ್ಯಾರಲ್ ಇನ್ನೂ ತೀರ್ಮಾನವಾಗಿಲ್ಲ. ಹರಿಹರೇಶ್ವರನ ಕಥೆ ಅತ್ತೆಯವರೇ ಹೇಳಿದರು, ಅವಳು ಎರಡನ್ನೂ ಪಕ್ಕಪಕ್ಕ ಬಿಡಿಸಿದ್ದಾಳೆ. ಈಗ ಅತ್ತೆಯವರಿಗೂ ಗೋಪುರ ನೋಡಬೇಕಂತೆ. ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕಾ?

ಚೆಸ್ಟರ್‌ಫೀಲ್ಡ್ (31 ವರ್ಷದಿಂದ): ಬೇಡಮ್ಮ, ಹಾಕಿಕೊಂಡೇ ಬರಲಿ, ನೆಲ ತುಂಬಾ ತಣ್ಣಗಿರುತ್ತದೆ. ಶನಿವಾರ ನಾನೂ ಬರುತ್ತೇನೆ.