ಸಿಂಬಾನ ಪೊಟ್ಟಣ ಪಾರಾಯಣ

“ಮೊದಲನೇ ಹೆಸರೇ ಮೆಕ್ಕೆಜೋಳ ಕಣ್ರೀ! ಚಿಕನ್ ನಾಲ್ಕನೇ ಸಾಲಿನಲ್ಲಿದೆ!”

ಮೂರ್ತಿಗಳು ಫೋನನ್ನು ನಮ್ಮೆಲ್ಲರ ಮೂಗಿನ ಹತ್ತಿರ ಒಂದು ಸುತ್ತು ಹಿಡಿದರು. ಫೋಟೋದಲ್ಲಿ ನಾಯಿ ಆಹಾರದ ಪೊಟ್ಟಣದ ಬೆನ್ನು. ಮುಂದುಗಡೆ ನಗುವ ನಾಯಿ ಇರುತ್ತದೆ, ಅದನ್ನು ಈಗ ಯಾರೂ ನೋಡುವುದಿಲ್ಲ. ಮುಂಬೈಯಲ್ಲಿ ನಾಯಿ ಸಾಕಿದವರೆಲ್ಲ ಬೆನ್ನು ಓದುವವರೇ. ತಾವು ತಿನ್ನುವ ಫರಸಾಣದ ಪೊಟ್ಟಣವನ್ನು ಹಲ್ಲಿನಿಂದ ಹರಿಯುವವರು ನಾಯಿಯದ್ದಕ್ಕೆ ಮಾತ್ರ ಕನ್ನಡಕ ಹಾಕುತ್ತಾರೆ.

“ಯಾವುದಿದು?” ಕುಲಕರ್ಣಿ ಕೇಳಿದರು.

“ಸಿಂಬಾ ಇಷ್ಟು ವರ್ಷ ತಿಂದಿದ್ದು. ಮಗ ಟೊರಾಂಟೋದಲ್ಲಿ ಕೂತು ಯಾವುದೋ ವೆಬ್‌ಸೈಟಿನಲ್ಲಿ ನೋಡಿ ಗಾಬರಿಯಾದ. ಐದಕ್ಕೆ ಎರಡೇ ಸ್ಟಾರ್ ಅಂತೆ.”

“ನಾಯಿ ಏನು ಹೇಳಿತು?” ಅಂದರು ಶೆಟ್ರು.

“ನಾಯಿ ಏನು ಹೇಳುತ್ತೆ ಶೆಟ್ರೇ, ತಿಂತು.”

“ಮತ್ತೆ? ಗಿರಾಕಿ ತಟ್ಟೆ ನೆಕ್ಕಿ ಎದ್ದು ಹೋದ ಮೇಲೆ ಸ್ಟಾರ್ ಕೊಡಲಿಕ್ಕೆ ಇವರು ಯಾರು ಮಾರಾಯ್ರೇ?”

ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಭಾನುವಾರ ಜಾಗ ಸಿಗುವುದೇ ಕಷ್ಟ. ನಮ್ಮ ಬೆಂಚಿನ ಕೆಳಗೆ ಸಿಂಬಾ ನಾಲ್ಕೂ ಕಾಲು ಚಾಚಿ ಮಲಗಿದ್ದ. ಲ್ಯಾಬ್ರಡಾರ್. ತನ್ನ ಬಗ್ಗೆಯೇ ಸಭೆ ನಡೆದಿದೆ ಅನ್ನುವ ಪರಿವೆಯೇ ಇಲ್ಲ.

“ಅದಕ್ಕೇ ಹೊಸದು ತರಿಸಿದ್ದೇನೆ,” ಮೂರ್ತಿಗಳು ಇನ್ನೊಂದು ಫೋಟೋ ತೆಗೆದರು. “ಇದರಲ್ಲಿ ನೋಡಿ, ಮೊದಲನೇ ಹೆಸರು ತಾಜಾ ಕೋಳಿ. ಬೆಲೆ ಮೂರು ಪಟ್ಟು.”

ಲತಾ ಟೀಚರ್ ಇಷ್ಟು ಹೊತ್ತು ಸುಮ್ಮನಿದ್ದರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದವರು ಜಾಸ್ತಿ ಹೊತ್ತು ಸುಮ್ಮನಿರಲಾರರು. “ಪಟ್ಟಿ ತೂಕದ ಪ್ರಕಾರ ಇರುತ್ತದೆ ಮೂರ್ತಿಯವರೇ, ಸರಿ. ಆದರೆ ತೂಗುವುದು ಬೇಯಿಸುವ ಮೊದಲು. ಹಸಿ ಕೋಳಿಮಾಂಸದಲ್ಲಿ ಸುಮಾರು 70% ನೀರು. ಒಣಗಿ ಕಾಳಾದ ಮೇಲೆ ಆ ಕೋಳಿ ಮೊದಲನೇ ಜಾಗದಲ್ಲೇ ಇರುತ್ತೆ ಅಂತ ಏನು ಗ್ಯಾರಂಟಿ?”

“ನಿಲ್ಲಿ ಟೀಚರೇ, ಇದು ನನ್ನ ಸಬ್ಜೆಕ್ಟು,” ಶೆಟ್ರು ನೆಟ್ಟಗೆ ಕೂತರು. “ನನ್ನ ಹೋಟೆಲಿನ ಸಾಂಬಾರಿನ ಪಟ್ಟಿ ಬರೆಯಿರಿ ನೋಡುವ. ಮೊದಲನೇ ಹೆಸರು? ನೀರು. ಎರಡನೆಯದು ಕುಂಬಳಕಾಯಿ, ಅದೂ ನೀರೇ. ಬೇಳೆಗೆ ಮೂರನೇ ಜಾಗ. ಹಿಂಗು ಕಟ್ಟಕಡೆಗೆ, ಉಪ್ಪಿಗಿಂತ ಕೆಳಗೆ. ಹಾಗಾದರೆ ಅಷ್ಟು ವರ್ಷ ಜನ ನನ್ನಲ್ಲಿಗೆ ಕ್ಯೂ ನಿಂತು ನೀರು ಕುಡಿದು ಹೋದರಾ?”

“ಕೆಲವು ದಿನ ಹಂಗೇ ಅನಸ್ತಿತ್ತು ರೀ,” ಅಂದರು ಕುಲಕರ್ಣಿ.

ಶೆಟ್ರು ಕೇಳಿಸಿಕೊಳ್ಳಲಿಲ್ಲ.

ಮೂರ್ತಿಗಳು ಬಿಡುವವರಲ್ಲ. “ಹಳೆಯದರಲ್ಲಿ ಚಿಕನ್ ಮೀಲ್ ಅಂತ ಇದೆ. ಅಂದ್ರೆ ಕಸ ಅಂತಾನೆ ಮಗ. ಜೊತೆಗೆ ಬೈ-ಪ್ರಾಡಕ್ಟ್ ಬೇರೆ. ಯಕೃತ್ತು, ಶ್ವಾಸಕೋಶ, ಗುಲ್ಮ...”

ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು ಮೂರ್ತಿಗಳು. ಅವರ ಬಾಯಲ್ಲಿ ಕೋಳಿಯ ಗುಲ್ಮದ ವಿಚಾರ ಕೇಳಿ ಬಂಟರಾದ ಶೆಟ್ರಿಗೇ ನಾಚಿಕೆಯಾಯಿತು.

“ಲಿವರ್ ಕಸವಾ? ನಮ್ಮ ಮನೆಯಲ್ಲಿ ಅದಕ್ಕೇ ಅಣ್ಣ ತಮ್ಮ ಹೊಡೆದಾಡುತ್ತಿದ್ದೆವು!”

“ಮೀಲ್ ಅಂದರೆ ನೀರು, ಕೊಬ್ಬು ತೆಗೆದು ಒಣಗಿಸಿದ ಪುಡಿ,” ಟೀಚರ್ ಅಂದರು. “ಕಿಲೋಗೆ ಲೆಕ್ಕ ಹಾಕಿದರೆ ಹಸಿ ಮಾಂಸಕ್ಕಿಂತ ಪ್ರೋಟೀನ್ ಜಾಸ್ತಿ. ಹಾಗಂತ ಎಲ್ಲಾ ಮೀಲೂ ಒಳ್ಳೆಯದಲ್ಲ. ಒಳ್ಳೆಯದೂ ಇದೆ, ಕಳಪೆಯೂ ಇದೆ. ಪಟ್ಟಿಯಲ್ಲಿ ಎರಡಕ್ಕೂ ಹೆಸರು ಒಂದೇ.”

“ಅದೇ ನಾನು ಹೇಳುವುದು. ತೊಗರಿಬೇಳೆ ಅಂತ ಬರೆದರೆ ಅದು ಲಾತೂರಿನ ಮೊದಲನೇ ನಂಬರೋ, ಹುಳ ಹಿಡಿದದ್ದೋ ಗೊತ್ತಾಗ್ತದಾ? ನಮ್ಮ ರಸ್ತೆಯಲ್ಲಿದ್ದ ಅಷ್ಟೂ ಹೋಟೆಲಿನ ಸಾಂಬಾರಿನ ಪಟ್ಟಿ ಒಂದೇ. ಮತ್ತೆ ನೀವು ನನ್ನಲ್ಲಿಗೇ ಯಾಕೆ ಬರುತ್ತಿದ್ದಿರಿ?”

“ಹತ್ತಿರ ಇತ್ತಲ್ರೀ,” ಅಂದರು ಕುಲಕರ್ಣಿ.

ಟೀಚರಿಗೆ ಈಗ ಹುರುಪು ಬಂದಿತ್ತು. ಪಟ್ಟಿಯಲ್ಲಿ ಇನ್ನೊಂದು ಕೈಚಳಕ ಇದೆಯಂತೆ. ಧಾನ್ಯವನ್ನು ಒಡೆದು ಬರೆಯುವುದು. ಮೆಕ್ಕೆಜೋಳ ಬೇರೆ, ಅದರ ಪ್ರೋಟೀನ್ ಭಾಗವಾದ ಗ್ಲೂಟೆನ್ ಬೇರೆ, ಅಕ್ಕಿ ಬೇರೆ, ನುಚ್ಚು ಬೇರೆ. ಒಂದೊಂದೂ ಕೋಳಿಗಿಂತ ಕಡಿಮೆ, ಕೂಡಿಸಿದರೆ ಕೋಳಿಯ ಎರಡರಷ್ಟು ಆದರೂ ಆಯಿತು.

“ಓ, ಇದು ಮೊದಲೇ ಗೊತ್ತಿದ್ದರೆ!” ಶೆಟ್ರು ತೊಡೆ ತಟ್ಟಿದರು. “ಕುಂಬಳ, ಸೋರೆ, ಮೂಲಂಗಿ, ಬದನೆ ಅಂತ ಬಿಡಿಸಿ ಬರೆದರೆ ನನ್ನ ಬೇಳೆ ಎರಡನೇ ನಂಬರಿಗೆ ಬರುತ್ತಿತ್ತು!”

“ಅಮೆರಿಕದಲ್ಲಿ ಹೆಸರಿಗೂ ನಿಯಮ ಇದೆ,” ಟೀಚರ್ ಮುಂದುವರಿಸಿದರು. “ ‘ವಿತ್ ಚಿಕನ್’ ಅಂತ ಬರೆಯಲು 3% ಕೋಳಿ ಇದ್ದರೆ ಸಾಕು. ‘ಚಿಕನ್ ಫ್ಲೇವರ್’ ಅಂದರೆ ರುಚಿ ಗೊತ್ತಾದರೆ ಸಾಕು, ಇಷ್ಟೇ ಇರಬೇಕು ಅಂತಿಲ್ಲ.”

“ಒಂದು ಬಟ್ಟಲಿಗೆ ಒಂದೇ ತುಂಡು ನುಗ್ಗೆಕಾಯಿ. ವಿತ್ ನುಗ್ಗೆಕಾಯಿ. ತುಂಡು ಬಾರದವನಿಗೆ ನುಗ್ಗೆಕಾಯಿ ಫ್ಲೇವರ್!”

ಈ ಸಾಂಬಾರು ಇನ್ನು ಎಲ್ಲಿಯವರೆಗೆ ಹರಿಯುತ್ತಿತ್ತೋ. ಮೂರ್ತಿಗಳು ಅಡ್ಡ ಬಂದರು. “ಆದರೆ ಹೊಸದು ಗ್ರೇನ್ ಫ್ರೀ. ಧಾನ್ಯವೇ ಇಲ್ಲ. ನಾಯಿ ಮೂಲದಲ್ಲಿ ತೋಳ ಅಲ್ವಾ? ತೋಳ ಅನ್ನ ತಿನ್ನುತ್ತಾ?”

ಎಲ್ಲರೂ ಬಗ್ಗಿ ಬೆಂಚಿನ ಕೆಳಗಿನ ತೋಳವನ್ನು ನೋಡಿದರು. ತೋಳ ಗೊರಕೆ ಹೊಡೆಯುತ್ತಿತ್ತು.

“2013ರಲ್ಲಿ ಸ್ವೀಡನ್ನಿನವರು ನಾಯಿಯ ಜೀನ್ ನೋಡಿದ್ದಾರೆ,” ಟೀಚರ್ ಅಂದರು. “ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಇವೆ. ನಮ್ಮ ಜೊತೆ ಇದ್ದೂ ಇದ್ದೂ ಅನ್ನ ಅರಗಿಸಲು ಕಲಿತಿದೆ. ಮತ್ತೆ ಗ್ರೇನ್ ಫ್ರೀ ಅಂದರೆ ಧಾನ್ಯದ ಜಾಗ ಖಾಲಿ ಬಿಡುತ್ತಾರಾ? ಬಟಾಣಿ, ಕಡಲೆ, ಮಸೂರ, ಬಟಾಟೆ ತುಂಬುತ್ತಾರೆ. ಇಂಥ ಆಹಾರಕ್ಕೂ ನಾಯಿಗಳ ಹೃದಯ ದೊಡ್ಡದಾಗುವ ಕಾಯಿಲೆಗೂ ನಂಟಿದೆಯಾ ಅಂತ 2018ರಲ್ಲಿ ಅಮೆರಿಕದ ಆಹಾರ-ಔಷಧ ಇಲಾಖೆ ಎಫ್‌ಡಿಎ ತನಿಖೆ ಶುರು ಮಾಡಿತು. ಅದೇ ಕಾರಣ ಅಂತ ಸಾಬೀತಾಗಿಲ್ಲ. ಆದರೂ ಸುಮ್ನೆ ಯಾಕೆ?”

“ಮೂರು ಪಟ್ಟು ದುಡ್ಡು ಕೊಟ್ಟು ಬಟಾಣಿ,” ಶೆಟ್ರು ತಲೆಯಾಡಿಸಿದರು. “ಅದಕ್ಕಿಂತ ಚೌಪಾಟಿಗೆ ಕರ್ಕೊಂಡು ಹೋಗಿ, ರಗಡಾ ಕೊಡಿಸಬಹುದಿತ್ತು.”

ಮೂರ್ತಿಗಳು ಕೊನೆಯ ಬಾಣ ಬಿಟ್ಟರು. ಹಳೆಯ ಪೊಟ್ಟಣದಲ್ಲಿ ಬೂದಿ ಇದೆಯಂತೆ. ಅವರೇ ಬರೆದುಕೊಂಡಿದ್ದಾರಂತೆ, ಕ್ರೂಡ್ ಆಶ್ ಅಂತ. ಯಾರೂ ಬೂದಿ ಬೆರೆಸುವುದಿಲ್ಲ, ಸುಟ್ಟರೆ ಉಳಿಯುವ ಕ್ಯಾಲ್ಸಿಯಂ, ಫಾಸ್ಫರಸ್‌ಗಳ ಲೆಕ್ಕ ಅದು ಅಂತ ಟೀಚರ್ ಸಮಾಧಾನ ಮಾಡಿದರು. “ಹಣೆಗೆ ಹಚ್ಚಿದರೆ ವಿಭೂತಿ, ಪೊಟ್ಟಣದ ಮೇಲೆ ಬರೆದರೆ ಕಲಬೆರಕೆ,” ಅಂದರು ಶೆಟ್ರು.

“ಹಾಗಾದರೆ ಪ್ರೋಟೀನ್ ಎಷ್ಟಿದೆ ನೋಡಿ ತಗೊಂಡರಾಯ್ತು, ಅಲ್ವಾ?”

“ಅದೂ ನೇರವಾಗಿ ಅಳೆಯುವುದಲ್ಲ. ನೈಟ್ರೋಜನ್ ಅಳೆದು 6.25ರಿಂದ ಗುಣಿಸುತ್ತಾರೆ. 2007ರಲ್ಲಿ ಚೀನಾದ ಗೋಧಿ ಗ್ಲೂಟೆನ್‌ಗೆ ಪ್ಲಾಸ್ಟಿಕ್ ತಟ್ಟೆ ಮಾಡುವ ಮೆಲಮೈನ್ ಬೆರೆಸಿ ಅಮೆರಿಕಕ್ಕೆ ಕಳಿಸಿದರು. ಮೆಲಮೈನ್ ತುಂಬಾ ನೈಟ್ರೋಜನ್. ಪರೀಕ್ಷೆಯಲ್ಲಿ ಪ್ರೋಟೀನ್ ಭರ್ತಿ. ನಾಯಿ ಬೆಕ್ಕುಗಳು ಕಿಡ್ನಿ ಹಾಳಾಗಿ ಸತ್ತವು. ಪಟ್ಟಿಯಲ್ಲಿ ಬರೆದದ್ದು ಬರೀ ಗೋಧಿ ಗ್ಲೂಟೆನ್.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕುಲಕರ್ಣಿಯವರಿಗೆ ಮೌನ ಆಗಿಬರುವುದಿಲ್ಲ. ಅವರು ಸೀದಾ 1832ಕ್ಕೆ ಹೋದರು.

“ಇದೇ ಊರಾಗ ನಾಯಿ ಸಲುವಾಗಿ ದಂಗೆ ಆಗಿತ್ತು, ಗೊತ್ತೇನ್ರೀ? ಬೀದಿನಾಯಿ ಕೊಂದವರಿಗೆ ಇಂಗ್ಲಿಷರು ತಲೆಗೆ ಇಷ್ಟು ಅಂತ ಇನಾಮು ಕೊಡ್ತಿದ್ರು. ಪಾರ್ಸಿ ಮಂದಿ ರೊಚ್ಚಿಗೆದ್ದು ಕೊಲಾಬಾದ ಪಲ್ಟಣಕ್ಕ ಹೋಗೋ ದಿನಸಿ ತಡೆದರು. ನಾಯಿಗೆ ಅನ್ನ ಹಾಕೋರು ಸೋಜರನ ಅನ್ನ ನಿಲ್ಲಿಸಿದರು ನೋಡ್ರಿ!”

“ಆ ನಾಯಿಗಳಿಗೆ ಏನು ಹಾಕುತ್ತಿದ್ದರಂತೆ?” ಮೂರ್ತಿಗಳು ಕುತೂಹಲದಿಂದ ಕೇಳಿದರು.

“ಪೊಟ್ಟಣ ಸಿಕ್ಕಿಲ್ರೀ ಇನ್ನ,” ಅಂದರು ಕುಲಕರ್ಣಿ.

ಅಷ್ಟರಲ್ಲಿ ಚಹಾದವನ ಕರಿ ನಾಯಿ ಬಂತು. ಪಾರ್ಲೆ-ಜಿಯ ಮೇಲೇ ಬೆಳೆದದ್ದು, ಮೈ ಮಿರಮಿರ. “ನೋಡಿ, ಸ್ಟಾರ್ ಇಲ್ಲ, ಪಟ್ಟಿ ಇಲ್ಲ,” ಅಂತ ಶೆಟ್ರು ತೋರಿಸಿದರು. ಟೀಚರ್ ಬಿಡಲಿಲ್ಲ. “ಬದುಕಿ ಉಳಿದದ್ದು ಮಾತ್ರ ಶೆಟ್ರೇ ನಮ್ಮ ಕಣ್ಣಿಗೆ ಬೀಳೋದು.” ಇಡೀ ಬೆಳಗ್ಗೆ ಶೆಟ್ರು ಸೋತದ್ದು ಅದೊಂದೇ ಸಲ.

“ಹಾಗಾದರೆ ನಾನು ಏನು ನೋಡಲಿ?” ಮೂರ್ತಿಗಳ ಧ್ವನಿ ಇಳಿದಿತ್ತು.

“ಕಂಪ್ಲೀಟ್ ಆಂಡ್ ಬ್ಯಾಲೆನ್ಸ್ಡ್, ಅಂದರೆ ಬೇಕಾದ ಪೋಷಕಾಂಶವೆಲ್ಲ ಸರಿಯಾಗಿ ಇದೆ ಅಂತ ಬರೆದಿದೆಯಾ, ಯಾವ ವಯಸ್ಸಿನ ನಾಯಿಗೆ, ಅದನ್ನು ನೋಡಿ. ಮಾಡಿದವರು ಯಾರು ನೋಡಿ. ಆಮೇಲೆ ನಾಯಿಯನ್ನು ನೋಡಿ.” ಟೀಚರ್ ಬಗ್ಗಿ ಸಿಂಬಾನ ಪಕ್ಕೆಯ ಮೇಲೆ ಕೈಯಿಟ್ಟರು. ಬೆರಳು ಮೆಲ್ಲಗೆ ಒತ್ತಿದರೆ ಪಕ್ಕೆಲುಬು ಒಂದೊಂದಾಗಿ ಕೈಗೆ ಸಿಗಬೇಕಂತೆ. ಒತ್ತಿದರು. ಇನ್ನೂ ಒತ್ತಿದರು. ಬೆರಳು ಒಳಗೆ ಹೋಯಿತು, ಎಲುಬು ಸಿಗಲಿಲ್ಲ. ಸಿಂಬಾ ಇದು ಮಾಲೀಶು ಅಂದುಕೊಂಡು ಮಗ್ಗುಲು ಬದಲಿಸಿ ಇನ್ನೊಂದು ಪಕ್ಕೆಯನ್ನೂ ಕೊಟ್ಟ.

“ಎಷ್ಟು ಹಾಕುತ್ತೀರಿ ಇವನಿಗೆ?”

“ಲೆಕ್ಕ ಪ್ರಕಾರವೇ. ಬೆಳಗ್ಗೆ ಒಂದು ಲೋಟ, ಸಂಜೆ ಒಂದು.”

“ಯಾವ ಲೋಟ?”

ಮೂರ್ತಿಗಳು ಕೈಯಲ್ಲಿ ಅಳತೆ ತೋರಿಸಿದರು. ಅದು ಲೋಟವಲ್ಲ, ಚೆಂಬು.

ಶೆಟ್ರು ನಗಲಿಲ್ಲ. “ರಾತ್ರಿ ಏನಾದರೂ?”

“ರಾತ್ರಿ ಏನಿಲ್ಲ. ನನ್ನದರಲ್ಲೇ ಸ್ವಲ್ಪ.”

“ನಿಮ್ಮದರಲ್ಲಿ ಮೊದಲನೇ ಹೆಸರು ಏನು?”

“ಬ್ರೆಡ್ಡು.”

“ಎರಡನೆಯದು?”

“ಹಾಲು. ಆಮೇಲೆ ಬಿಪಿ ಮಾತ್ರೆ.” ಮೂರ್ತಿಗಳು ನಗಲು ನೋಡಿದರು. “ಸಾವಿತ್ರಿ ಹೋದ ಮೇಲೆ ಒಬ್ಬನಿಗೋಸ್ಕರ ಒಲೆ ಹಚ್ಚೋದು ಯಾಕೆ ಅಂತ. ಒಬ್ಬನೇ ತಿನ್ನೋಕೆ ಗಂಟಲಲ್ಲಿ ಇಳಿಯಲ್ಲ. ಇವನು ಎದುರಿಗೆ ಕೂತಿರ್ತಾನೆ, ನನಗೊಂದು ಸ್ಲೈಸು, ಇವನಿಗೊಂದು. ದಯವಿಟ್ಟು ಮಗನಿಗೆ ಹೇಳಬೇಡಿ. ಅದು ಗ್ರೇನ್ ಫ್ರೀ ಅಲ್ಲ.”

ಟೀಚರ್ ಸೆರಗು ಸರಿಮಾಡಿಕೊಂಡರು. ಕುಲಕರ್ಣಿಯವರಿಗೆ 1832 ಕೂಡ ನೆನಪಾಗಲಿಲ್ಲ.

ಶೆಟ್ರು ಎದ್ದು ಪಂಚೆ ಕೊಡವಿದರು. “ಇವತ್ತು ರಾತ್ರಿ ನಮ್ಮಲ್ಲಿಗೆ ಬನ್ನಿ. ಮೀನು ಮಾಡುವುದಿಲ್ಲ, ಹೆದರಬೇಡಿ. ಹರಿವೆ ಸೊಪ್ಪಿನ ಹುಳಿ, ಕುಚ್ಚಲಕ್ಕಿ ಅನ್ನ. ಈ ತೋಳವೂ ಬರಲಿ. ಆದರೆ ಅವನಿಗೆ ನಿಮ್ಮ ಚೆಂಬಿನಲ್ಲಿ ಅಲ್ಲ, ನನ್ನ ಹೋಟೆಲಿನ ಬಟ್ಟಲಿನಲ್ಲಿ.”

“ನಮ್ಮನ್ನ ಕರೆಯಂಗಿಲ್ಲೇನ್ರೀ?” ಕುಲಕರ್ಣಿ ಕೇಳಿದರು. “ಪಟ್ಟಿನಾದರೂ ಕಳಸ್ರಿ.”

“ಬಿಲ್ ಇಲ್ಲದ ಊಟಕ್ಕೆ ಪಟ್ಟಿ ಎಂಥದ್ದು ಮಾರಾಯ್ರೇ? ಬಾಯಿ ಮುಚ್ಚಿಕೊಂಡು ಎಂಟು ಗಂಟೆಗೆ ಬನ್ನಿ.”