ಪಾಸ್ತಾ ಬದಲಿಗೆ ಕೊಂಜಾಕ್ ನೂಡಲ್ಸ್: ಸಾಸ್ ನೀರಾಗ್ತದೆ, ವಾಸನೆ ಹೋಗುವುದಿಲ್ಲ. ಸರಿಯಾದ ಕ್ರಮ ಎಂತ?

ಬಿಜೈ_ಬೋಗುಣಿ:
ನಮಸ್ಕಾರ. ಕ್ಯಾಲರಿ ಕಮ್ಮಿ ಮಾಡಬೇಕು, ಪಾಸ್ತಾ ತಿನ್ನುವ ಆಸೆಯೂ ಬಿಡಬಾರದು ಅಂತ ಕೊಂಜಾಕ್ ಎಂಬ ಗೆಡ್ಡೆಯಿಂದ ಮಾಡಿ ನೀರಿನ ಪ್ಯಾಕೆಟಿನಲ್ಲಿ ಬರುವ ಬಿಳಿ ನೂಡಲ್ಸ್ ತರಿಸಿದ್ದು. ಪ್ಯಾಕೆಟಿನಲ್ಲಿ ಬರೆದ ಹಾಗೆ ತೊಳೆದು ಎರಡು ನಿಮಿಷ ಬೇಯಿಸಿ ವೈಟ್ ಸಾಸಿಗೆ ಹಾಕಿದರೆ ಮೂರು ತೊಂದರೆ. ಒಂದು, ಮೀನಿನ ಹಾಗೆ ವಾಸನೆ. ಎರಡು, ಹತ್ತು ನಿಮಿಷದಲ್ಲಿ ಸಾಸ್ ನೀರು ನೀರಾಗಿ ತಟ್ಟೆಯ ಅಡಿಗೆ ಇಳೀತದೆ. ಮೂರು, ನೂಡಲ್ಸಿಗೆ ಉಪ್ಪು ಖಾರ ಯಾವುದೂ ಹಿಡಿಯುವುದಿಲ್ಲ.

ಅಡುಗೆ ಇಬ್ಬರಿಗೆ, ಒಬ್ಬರಿಗೆ ಶುಗರಿನ ಮಾತ್ರೆ ಉಂಟು. ಮೀನು ಸಿಗಡಿ ನಡೀತದೆ, ಆದರೆ ವಾರದಲ್ಲಿ ಎರಡು ದಿನ ಸಸ್ಯಾಹಾರ. ಈ ಪ್ಯಾಕೆಟಿಗಿಂತ ನಮ್ಮ ಊರಿನ ತರಕಾರಿಯಲ್ಲೇ ಮಾಡುವ ದಾರಿ ಇದ್ದರೆ ಅದೂ ಬೇಕು. ಸೇಮಿಗೆ ಮಣೆಯೂ ಮನೆಯಲ್ಲಿ ಉಂಟು.

ಒಗ್ಗರಣೆ_ಕಾರ್‌ಸ್ಟ್ರೀಟ್:
ನಿಮ್ಮ ಮೂರೂ ತೊಂದರೆಗೆ ಮೂಲ ಒಂದೇ. ಈ ನೂಡಲ್ಸಿನ 100 ಗ್ರಾಂನಲ್ಲಿ ಸುಮಾರು 97 ಗ್ರಾಂ ನೀರೇ. ಉಳಿದದ್ದು ಗ್ಲುಕೊಮನ್ನಾನ್ ಎಂಬ ನಾರು, ಅದನ್ನು ಸುಣ್ಣದ ನೀರಿನಲ್ಲಿ ಗಟ್ಟಿ ಮಾಡಿರ್ತಾರೆ. ಹಾಗಾಗಿ 100 ಗ್ರಾಂಗೆ 5ರಿಂದ 15 ಕ್ಯಾಲರಿ ಅಷ್ಟೆ. ಗೋಧಿ ಪಾಸ್ತಾ ಒಣಗಿದ್ದು 100 ಗ್ರಾಂಗೆ 350ರ ಮೇಲೆ, ಬೆಂದದ್ದು 150ರ ಆಸುಪಾಸು. ಆದರೆ ಪಾಸ್ತಾ ಸಾಸಿನ ನೀರನ್ನು ಹೀರ್ತದೆ, ಪಿಷ್ಟ ಬಿಟ್ಟು ಸಾಸನ್ನು ದಪ್ಪ ಮಾಡ್ತದೆ. ಕೊಂಜಾಕಿನಲ್ಲಿ ಪಿಷ್ಟ ಇಲ್ಲ, ಬದಲಿಗೆ ತನ್ನ ನೀರನ್ನೇ ಸಾಸಿಗೆ ಬಿಡ್ತದೆ. ಎರಡು ನಿಮಿಷ ಬೇಯಿಸಿದರೆ ಇದು ಸರಿಯಾಗುವುದಿಲ್ಲ. ಒಣಗಿಸಬೇಕು.

ಕ್ರಮ ಹೀಗೆ. ಪ್ಯಾಕೆಟಿನ ನೀರು ಚೆಲ್ಲಿ, ಜರಡಿಯಲ್ಲಿ ಹಾಕಿ ನಳ್ಳಿಯ ಕೆಳಗೆ ಕೈಯಲ್ಲಿ ಆಡಿಸುತ್ತಾ ಎರಡು ನಿಮಿಷ ತೊಳೆಯಿರಿ. ಕತ್ತರಿಯಲ್ಲಿ ಎರಡು ಮೂರು ಕಡೆ ಕತ್ತರಿಸಿ, ಎಳೆ ತುಂಬಾ ಉದ್ದ ಇದ್ದರೆ ಹಲ್ಲಿನಲ್ಲಿ ಕಡಿದು ತುಂಡು ಮಾಡುವುದು ಕಷ್ಟ. ಆಮೇಲೆ ಒಂದು ಲೀಟರ್ ಕುದಿಯುವ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿ ಮೂರು ನಿಮಿಷ ಕುದಿಸಿ. ವಾಸನೆ ಬರುವುದು ಕ್ಷಾರದ ನೀರಿನಲ್ಲಿರುವ ಅಮೈನ್ ಎಂಬ ರಾಸಾಯನಿಕಗಳಿಂದ. ಹುಳಿ ತಾಗಿದರೆ ಅವು ಲವಣವಾಗಿ ಬದಲಾಗಿ ಗಾಳಿಗೆ ಏಳುವುದು ನಿಲ್ತದೆ. ಮೀನು ತೊಳೆಯುವಾಗ ಹುಣಸೆಯೋ ಲಿಂಬೆಯೋ ಹಾಕುವುದು ಇದೇ ಕಾರಣಕ್ಕೆ.

ಮುಖ್ಯ ಕೆಲಸ ಇನ್ನು ಮುಂದೆ. ಅಗಲದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ ಬೇಡ. ನೀರು ಬಸಿದ ನೂಡಲ್ಸ್ ಹಾಕಿ ದೊಡ್ಡ ಉರಿಯಲ್ಲಿ 6ರಿಂದ 8 ನಿಮಿಷ ಮಗುಚಿ. ಮೊದಲು ತುಂಬಾ ಹಬೆ ಬರ್ತದೆ. ಹಬೆ ಕಮ್ಮಿಯಾಗಿ, ಸಟ್ಟುಗ ತಾಗಿದಾಗ ಕಿರ್ ಕಿರ್ ಅಂತ ಸದ್ದು ಬಂದು, ಎಳೆ ಹೊಳಪು ಬಿಟ್ಟು ಮಂಕಾದರೆ ಆಯ್ತು. ಒಂದೇ ಸಲ ಎರಡು ಪ್ಯಾಕೆಟ್ ಹಾಕಿದರೆ ಹಬೆಯಲ್ಲಿ ಬೇಯ್ತದೆ ಹೊರತು ಒಣಗುವುದಿಲ್ಲ, ಒಂದೊಂದಾಗಿ ಮಾಡಿ. ಎಣ್ಣೆ ಮೊದಲೇ ಹಾಕಿದರೆ ಎಳೆಯ ಮೇಲೆ ಪದರ ಕೂತು ಮಸಾಲೆ ಜಾರ್ತದೆ.

ಹಾಗೆಯೇ ವೈಟ್ ಸಾಸ್ ಇದಕ್ಕೆ ಒಗ್ಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಮಾಡಲೇಬೇಕು ಅಂತಿದ್ದರೆ ಕೆನೆ ತೆಗೆದ ಹಾಲು 200 ಮಿಲಿಗೆ ಎರಡು ಟೀ ಚಮಚ ಕಾರ್ನ್‌ಫ್ಲೋರ್ ಕದಡಿ, ಚಮಚದ ಹಿಂದೆ ಗೆರೆ ಎಳೆದರೆ ಗೆರೆ ನಿಲ್ಲುವಷ್ಟು ಗಟ್ಟಿ ಮಾಡಿ. ಪಾಸ್ತಾಕ್ಕೆ ಮಾಡುವುದಕ್ಕಿಂತ ದಪ್ಪ ಇರಬೇಕು. ಬೇರೆ ಸಾಸಿಗಾದರೆ ಕುಚ್ಚಲಕ್ಕಿ ಗಂಜಿಯ ತೆಳಿ ಕಾಲು ಕಪ್ ಹಾಕಿ ಕುದಿಸಿ ಇಳಿಸಿ. ಪಾಸ್ತಾ ಬೇಯಿಸಿದ ನೀರು ಮಾಡುವ ಕೆಲಸವನ್ನು ಈ ತೆಳಿ ಮಾಡ್ತದೆ, ಮಸಾಲೆ ಎಳೆಗೆ ಹತ್ತಿ ಕೂರ್ತದೆ.

ಮಲ್ಪೆ_ಗಾಳಿ:
ಮೇಲಿನವರು ಹೇಳಿದ ಹುರಿಯುವ ಕ್ರಮ ಸರಿ. ಸಾಸಿನ ಬಗ್ಗೆ ನನ್ನದೊಂದು ಮಾತು: ಇಟಲಿಯ ಸಾಸ್ ಬಿಡಿ, ಪುಳಿಮುಂಚಿ ಮಾಡಿ. ತೆಂಗಿನಕಾಯಿ ಇಲ್ಲ, ಹುಳಿ ಇದೆ, ಖಾರ ಇದೆ, ಮಸಾಲೆ ದಪ್ಪ. ಕೊಂಜಾಕಿನ ಉಳಿದ ಸ್ವಲ್ಪ ವಾಸನೆಯೂ ಸಿಗಡಿಯ ಜತೆ ಸೇರಿಹೋಗ್ತದೆ.

ಇಬ್ಬರಿಗೆ ಅಳತೆ: ಬ್ಯಾಡಗಿ ಮೆಣಸು 8, ಕೊತ್ತಂಬರಿ ಒಂದು ದೊಡ್ಡ ಚಮಚ, ಜೀರಿಗೆ ಅರ್ಧ ಟೀ ಚಮಚ, ಮೆಂತೆ ಕಾಲು ಟೀ ಚಮಚ, ಕರಿಮೆಣಸು 6 ಕಾಳು. ಇಷ್ಟನ್ನು ಬೇರೆ ಬೇರೆಯಾಗಿ ಎಣ್ಣೆ ಇಲ್ಲದೆ ಹುರಿಯಿರಿ. ಮೆಂತೆ ಕಪ್ಪಾದರೆ ಇಡೀ ಮಸಾಲೆ ಕಹಿ. ಬೆಳ್ಳುಳ್ಳಿ 4 ಎಸಳು, ಶುಂಠಿ ಸಣ್ಣ ತುಂಡು, ಹುಣಸೆ 10 ಗ್ರಾಂ ಸೇರಿಸಿ ಆದಷ್ಟು ಕಮ್ಮಿ ನೀರಿನಲ್ಲಿ ನುಣ್ಣಗೆ ಕಡೆಯಿರಿ. ಎರಡು ಟೀ ಚಮಚ ತೆಂಗಿನೆಣ್ಣೆಯಲ್ಲಿ ಒಂದು ನೀರುಳ್ಳಿ ಬಾಡಿಸಿ, ಮಸಾಲೆ ಹಾಕಿ ಹಸಿ ವಾಸನೆ ಹೋಗುವವರೆಗೆ 5 ನಿಮಿಷ. ಸ್ವಚ್ಛ ಮಾಡಿದ ಸಿಗಡಿ 200 ಗ್ರಾಂ ಹಾಕಿ 3 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಸಿಗಡಿಯೂ ರಬ್ಬರ್, ನೂಡಲ್ಸೂ ರಬ್ಬರ್ ಆದರೆ ತಿನ್ನಲಿಕ್ಕಾಗದು. ಕೊನೆಗೆ ಹುರಿದಿಟ್ಟ ನೂಡಲ್ಸ್ ಹಾಕಿ ಮಸಾಲೆಯಲ್ಲಿ ಎರಡು ನಿಮಿಷ ಮಗುಚಿ. ಉಪ್ಪು ಮಸಾಲೆಯಲ್ಲೇ ಸ್ವಲ್ಪ ಮುಂದೆ ಇರಲಿ, ಎಳೆಯ ಒಳಗೆ ಉಪ್ಪು ಇಳಿಯುವುದು ತೀರಾ ನಿಧಾನ.

ಇದರಲ್ಲಿ ಒಬ್ಬರಿಗೆ ಹೆಚ್ಚುಕಡಿಮೆ 200 ಕ್ಯಾಲರಿ ಬರ್ತದೆ, ಅದರ ದೊಡ್ಡ ಪಾಲು ಸಿಗಡಿ ಮತ್ತು ಎಣ್ಣೆಯದ್ದು. ಲೆಕ್ಕ ತಪ್ಪುವುದು ಇಲ್ಲೇ ನೋಡಿ. 80 ಗ್ರಾಂ ಒಣ ಪಾಸ್ತಾ ಬಿಟ್ಟು ಕೊಂಜಾಕ್ ಹಾಕಿದರೆ ಉಳಿತಾಯ ಆಗುವುದು ಸುಮಾರು 270 ಕ್ಯಾಲರಿ. ಘೀ ರೋಸ್ಟ್ ಮಸಾಲೆ ಅಂತ ಮೂರು ದೊಡ್ಡ ಚಮಚ ತುಪ್ಪ ಸುರಿದರೆ ಅದರಲ್ಲೇ 350 ಹೋಯ್ತು. ದಪ್ಪ ಕಾಯಿಹಾಲು 200 ಮಿಲಿ ಹಾಕಿದರೆ 400ರ ಹತ್ತಿರ. ನೂಡಲ್ಸ್ ಬದಲಾಯಿಸಿ ಗಸಿ ಹಾಗೇ ಇಟ್ಟರೆ ತೂಕದಲ್ಲಿ ಏನೂ ಬದಲಾಗದು.

ಸಸ್ಯಾಹಾರದ ದಿನ ಇದೇ ಮಸಾಲೆಗೆ ಅಣಬೆ ಅಥವಾ ಬೇಯಿಸಿದ ಕಡಲೆ ಹಾಕಿ. ಬರೀ ಕೊಂಜಾಕಿನಲ್ಲಿ ಪ್ರೋಟೀನ್ ಇಲ್ಲ ಅಂತಲೇ ಲೆಕ್ಕ, ಅದೊಂದೇ ತಿಂದರೆ ಎರಡು ಗಂಟೆಯಲ್ಲಿ ಮತ್ತೆ ಹಸಿವು.

ಬಿಜೈ_ಬೋಗುಣಿ:
ತುಂಬಾ ಉಪಕಾರ ಆಯ್ತು. ಎರಡು ಸಂಶಯ. ಕೊಂಜಾಕ್ ಸುವರ್ಣಗೆಡ್ಡೆಯ ಜಾತಿಯಂತೆ, ಹಾಗಾದರೆ ನಮ್ಮ ಸುವರ್ಣಗೆಡ್ಡೆಯಲ್ಲೇ ಮಾಡಲಿಕ್ಕೆ ಆಗ್ತದಾ? ಹೆಸರಿನ ಪಿಷ್ಟದ ಗಾಜಿನಂಥ ನೂಡಲ್ಸೂ ಇದೇ ರೀತಿಯದ್ದಾ?

ಉಡುಪಿ_ತರಕಾರಿ:
ಎರಡನೆಯದಕ್ಕೆ ಮೊದಲು ಉತ್ತರ: ಅಲ್ಲ. ನೋಡಲಿಕ್ಕೆ ಒಂದೇ ತರ ಪಾರದರ್ಶಕ, ಆದರೆ ಅದು ಶುದ್ಧ ಪಿಷ್ಟ. ಒಣಗಿದ್ದು 100 ಗ್ರಾಂಗೆ ಪಾಸ್ತಾದಷ್ಟೇ ಕ್ಯಾಲರಿ. ರಾಗಿ ಶಾವಿಗೆ, ಸಿರಿಧಾನ್ಯದ ನೂಡಲ್ಸ್, ನಮ್ಮ ಒತ್ತು ಸೇಮಿಗೆ ಎಲ್ಲವೂ ಆಹಾರವಾಗಿ ಒಳ್ಳೆಯವೇ, ಕಮ್ಮಿ ಕ್ಯಾಲರಿಯ ಪಟ್ಟಿಗೆ ಮಾತ್ರ ಸೇರುವುದಿಲ್ಲ. ಪ್ಯಾಕೆಟಿನ ಹಿಂದೆ 100 ಗ್ರಾಂಗೆ ಎಷ್ಟು ಅಂತ ನೋಡಿ ತನ್ನಿ.

ಸುವರ್ಣಗೆಡ್ಡೆ ಮತ್ತು ಕೊಂಜಾಕ್ ಒಂದೇ ಕುಲದ ಗಿಡಗಳು ಹೌದು, ಎರಡೂ ಅಮಾರ್ಫೊಫ್ಯಾಲಸ್. ಆದರೆ ಜಪಾನಿನ ಗುನ್ಮಾದಲ್ಲಿ ಹೇರಳವಾಗಿ ಬೆಳೆಯುವ ಕೊಂಜಾಕ್ ಗೆಡ್ಡೆಯಲ್ಲಿ ಇರುವುದು ಗ್ಲುಕೊಮನ್ನಾನ್, ನಮ್ಮದರಲ್ಲಿ ಮುಖ್ಯವಾಗಿ ಪಿಷ್ಟ. ಸುಣ್ಣ ಹಾಕಿದರೆ ಗಟ್ಟಿಯಾಗದು. ಅದನ್ನು ಪಲ್ಯ, ಪೋಡಿಗೆ ಬಿಡಿ.

ತರಕಾರಿಯ ಎಳೆಗೆ ನನ್ನ ಮೊದಲ ಆಯ್ಕೆ ಹಸಿ ಪಪ್ಪಾಯಿ. ಪೂರ್ತಿ ಹಸಿರು, ಒಳಗೆ ಬಿಳಿ ಇರುವ ಕಾಯಿ ಬೇಕು. ಕಿತ್ತಳೆ ಬಣ್ಣ ತಿರುಗಿದ್ದು ಸಿಹಿಯಾಗಿ ಮುದ್ದೆಯಾಗ್ತದೆ. ಸಿಪ್ಪೆ ತೆಗೆದು ಹಲ್ಲಿರುವ ಪೀಲರಿನಲ್ಲಿ ಉದ್ದುದ್ದಕ್ಕೆ ಎಳೆಯಿರಿ, ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಎರಡು ನಿಮಿಷ, ಕೂಡಲೇ ತಣ್ಣೀರಿಗೆ, ಆಮೇಲೆ ಬಟ್ಟೆಯಲ್ಲಿ ಒತ್ತಿ. ಈ ಕುದಿಸುವುದನ್ನು ತಪ್ಪಿಸಬೇಡಿ. ಕಾಯಿಯ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ ಸತ್ತಿರದಿದ್ದರೆ ಹಾಲಿನ ಸಾಸ್ ಒಡೀತದೆ, ಕಹಿಯೂ ಬರಬಹುದು. ಗರ್ಭಿಣಿಯರಿಗೆ ಹಸಿ ಪಪ್ಪಾಯಿ ಕೊಡಬೇಡಿ.

ಮಂಗಳೂರು ಸೌತೆ ಎರಡನೆಯದು. ಬಲಿತದ್ದು ಬೇಕು. ಹೋಳು ಮಾಡಿ ತಿರುಳು ಬೀಜ ಪೂರ್ತಿ ಕೆರೆದು ತೆಗೆಯಿರಿ, ನೀರು ಇರುವುದೇ ಅಲ್ಲಿ. ಒಂದು ಚೂರು ಹಸಿಯಾಗಿ ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ, ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆಗೂ ಆಗದು. ಎಳೆ ಮಾಡಿದ ಮೇಲೆ ಅರ್ಧ ಕೆಜಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ 20 ನಿಮಿಷ ಜರಡಿಯಲ್ಲಿಡಿ, ಹಿಂಡಿ, ಕಾದ ಬಾಣಲೆಯಲ್ಲಿ ಎರಡು ಮೂರು ನಿಮಿಷ. ಜುಕಿನಿಗೂ ಇದೇ ಕ್ರಮ, ಆದರೆ ಅದು ಮೆತ್ತಗೆ, ಬಾಣಲೆಯಲ್ಲಿ ಒಂದು ನಿಮಿಷ ದಾಟಿದರೆ ಕರಗಿಹೋಗ್ತದೆ. ಉಪ್ಪು ಹಾಕಿ ಹಿಂಡಿದ್ದು ಉಪ್ಪಾಗಿಯೇ ಇರ್ತದೆ, ಆದ್ದರಿಂದ ಸಾಸಿಗೆ ಉಪ್ಪು ಕೊನೆಗೆ, ರುಚಿ ನೋಡಿ.

ಅಗ್ಗದ ದಾರಿ ಎಲೆಕೋಸು. ಒಂದು ಸೆಂಟಿಮೀಟರ್ ಅಗಲದ ಉದ್ದ ಪಟ್ಟಿ ಕತ್ತರಿಸಿ, ನಡುವಿನ ದಂಟು ಬಿಟ್ಟು, ಎರಡು ನಿಮಿಷ ಕುದಿಸಿ ಬಸಿಯಿರಿ. ಟೊಮೆಟೊ ಗಟ್ಟಿಯಾಗುವವರೆಗೆ ಕುದಿಸಿ ಅದಕ್ಕೆ ಒಂದು ಚಮಚ ಉಡುಪಿ ಸಾರಿನ ಪುಡಿ, ಕಡಲೆಗಾತ್ರ ಬೆಲ್ಲ, ಇಂಗಿನ ಒಗ್ಗರಣೆ ಹಾಕಿದರೆ ನೀರುಳ್ಳಿ ಬೆಳ್ಳುಳ್ಳಿ ಇಲ್ಲದೆಯೇ ಚೆನ್ನಾಗಿ ಆಗ್ತದೆ. ಬಾಳೆದಿಂಡಿನಲ್ಲಿ ಎಳೆ ಮಾಡಲಿಕ್ಕೆ ಹೋಗಬೇಡಿ, ನಾರು ಹಲ್ಲಿಗೆ ಸಿಕ್ತದೆ. ಅದು ಸಣ್ಣಗೆ ಹೆಚ್ಚಿ ಮಜ್ಜಿಗೆಯಲ್ಲಿ ಹಾಕಿಡುವ ತರಕಾರಿ.

ಸೇಮಿಗೆ_ಮಣೆ:
ಮಣೆ ಉಂಟು ಅಂದಿರಲ್ಲ, ಕೊಂಜಾಕ್ ಪುಡಿ ತರಿಸಿದರೆ ಮನೆಯಲ್ಲೇ ಒತ್ತಬಹುದು. ಒಂದು ಲೀಟರ್ ನೀರಿಗೆ 25 ಗ್ರಾಂ ಪುಡಿ, ಆಹಾರಕ್ಕೆ ಬಳಸುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ (ಸುಣ್ಣ) 2 ಗ್ರಾಂ. ಪುಡಿಯನ್ನು ಒಮ್ಮೆಗೇ ಸುರಿದರೆ ಹೊರಗೆ ಅಂಟು, ಒಳಗೆ ಒಣ ಪುಡಿಯ ಗಂಟು ಆಗ್ತದೆ. ಉಗುರು ಬೆಚ್ಚಗಿನ ನೀರಿಗೆ ಉದುರಿಸುತ್ತಾ ಕಡೆಗೋಲಿನಲ್ಲಿ 5 ನಿಮಿಷ ಕಡೆದು, ಒಂದು ಗಂಟೆ ಬಿಡಿ. ದಪ್ಪ ಅಂಟಿನ ಹಾಗೆ ಆಗ್ತದೆ.

ಸುಣ್ಣವನ್ನು 50 ಮಿಲಿ ನೀರಿನಲ್ಲಿ ಕದಡಿ ಸುರಿದು ಜೋರಾಗಿ ಕಲಸಿ. ಮೊದಲು ಒಡೆದ ಮೊಸರಿನ ಹಾಗೆ ಬಿಡಿಬಿಡಿಯಾಗ್ತದೆ, ಹೆದರಬೇಡಿ, ಒಂದು ನಿಮಿಷದಲ್ಲಿ ಮತ್ತೆ ಕೂಡ್ತದೆ. ಕೂಡಿದ ಕೂಡಲೇ ಸಣ್ಣ ತೂತಿನ ಬಿಲ್ಲೆ ಹಾಕಿದ ಮಣೆಗೆ ತುಂಬಿ ಕುದಿಯುವ ನೀರಿಗೆ ಒತ್ತಿ. ಐದು ನಿಮಿಷ ತಡ ಮಾಡಿದರೆ ಮಣೆಯ ಒಳಗೇ ಗಟ್ಟಿಯಾಗಿ ತುಂಡು ತುಂಡು ಬರ್ತದೆ. 20 ನಿಮಿಷ ಕುದಿಸಿ, ತಣ್ಣೀರಿನಲ್ಲಿ ರಾತ್ರಿಯಿಡೀ ಇಡಿ, ನಡುವೆ ಎರಡು ಸಲ ನೀರು ಬದಲಿಸಿ.

ಎಲೆ ಅಡಿಕೆಯ ಸುಣ್ಣದಲ್ಲಿ ಆಗುವುದಿಲ್ಲವಾ ಅಂತ ಕೇಳ್ತಾರೆ. ಅದರಲ್ಲಿ ನೀರು ಎಷ್ಟು ಸೇರಿದೆ ಅಂತ ಗೊತ್ತಾಗುವುದಿಲ್ಲ, ಅಳತೆ ಹಿಡಿಯಲಿಕ್ಕಾಗದು. ಹಳೆಯ ಸುಣ್ಣವೂ ಬೇಡ, ಗಾಳಿಯ ಇಂಗಾಲಾಮ್ಲ ಹೀರಿ ಸತ್ತಿರ್ತದೆ, ನೂಡಲ್ಸ್ ಎಷ್ಟು ಕುದಿಸಿದರೂ ಲೋಳೆಯಾಗಿಯೇ ಉಳೀತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಕ್ಷಾರ ತಾಗಿ ಕಪ್ಪಾಗ್ತದೆ. ಸ್ಟೀಲ್ ಇರಲಿ. ಅಲ್ಯೂಮಿನಿಯಂ ಮಣೆಯಾದರೆ ಕೆಲಸ ಮುಗಿದ ಕೂಡಲೇ ಬಿಸಿನೀರಿಗೆ ಹಾಕಿ ತೊಳೆಯಿರಿ. ಮಳೆಗಾಲದಲ್ಲಿ ಪುಡಿಯ ಡಬ್ಬಿ ಬಿಗಿ ಮುಚ್ಚಿ, ತೇವ ತಾಗಿದರೆ ಕಲ್ಲಾಗ್ತದೆ. ಒಣ ಪುಡಿಯನ್ನು ಯಾರೂ ಬಾಯಿಗೆ ಹಾಕಬಾರದು, ಗಂಟಲಿನಲ್ಲೇ ಊದಿ ಉಸಿರು ಕಟ್ತದೆ.

ಒಗ್ಗರಣೆ_ಕಾರ್‌ಸ್ಟ್ರೀಟ್:
ಶುಗರಿನ ಮಾತ್ರೆಯ ವಿಷಯ ಯಾರೂ ಹೇಳಲಿಲ್ಲ. ಅನ್ನ, ಪಾಸ್ತಾ ಇದ್ದ ಊಟವನ್ನು ಪೂರ್ತಿ ಕೊಂಜಾಕಿಗೆ ಬದಲಾಯಿಸಿ ಮಾತ್ರೆ ಮಾತ್ರ ಹಾಗೇ ಇಟ್ಟರೆ, ಕೆಲವು ಮಾತ್ರೆಗಳಲ್ಲಿ ಮತ್ತು ಇನ್ಸುಲಿನ್‌ನಲ್ಲಿ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಡಾಕ್ಟರಿಗೆ ಹೇಳಿ ಶುರು ಮಾಡಿ. ಈ ನಾರು ಮಾತ್ರೆ ಹೀರಿಕೊಳ್ಳುವುದನ್ನೂ ತಡ ಮಾಡಬಹುದು, ಎರಡರ ನಡುವೆ ಎಷ್ಟು ಅಂತರ ಬೇಕು ಅಂತ ಅಲ್ಲೇ ಕೇಳಿಕೊಳ್ಳಿ. 200 ಗ್ರಾಂ ನೂಡಲ್ಸಿನಲ್ಲಿ ನಾರು 6 ಗ್ರಾಂ ಆಸುಪಾಸು, ರೂಢಿ ಇಲ್ಲದ ಹೊಟ್ಟೆ ಉಬ್ಬರಿಸ್ತದೆ. ಮೊದಲ ವಾರ ಅರ್ಧ ಪ್ಯಾಕೆಟ್ ಸಾಕು. ಚೆನ್ನಾಗಿ ಅಗಿದು ತಿನ್ನಬೇಕು, ನೀರು ಕುಡಿಯಬೇಕು. ಕರುಳು ಕಿರಿದಾದ ತೊಂದರೆ ಇದ್ದವರು ಮುಟ್ಟುವುದೇ ಬೇಡ.

ಬಿಜೈ_ಬೋಗುಣಿ:
ಮಾತ್ರೆಯ ವಿಷಯ ಹೇಳಿದ್ದು ಒಳ್ಳೆಯದಾಯ್ತು, ಮೊದಲು ಅದನ್ನು ಕೇಳ್ತೇನೆ. ಪುಳಿಮುಂಚಿ ಮಾಡಿದ್ದು ಉಳಿದರೆ ಮರುದಿನದ ಬುತ್ತಿಗೆ ಆಗ್ತದಾ?

ಮಲ್ಪೆ_ಗಾಳಿ:
ಆಗ್ತದೆ. ಪಾಸ್ತಾ ರಾತ್ರಿಯಿಡೀ ಇಟ್ಟರೆ ಊದಿ ಮೆತ್ತಗಾಗ್ತದೆ, ಕೊಂಜಾಕಿಗೆ ಆ ತೊಂದರೆ ಇಲ್ಲ. ಮಸಾಲೆಯಲ್ಲಿ ನೆನೆದು ಮರುದಿನ ಉಪ್ಪು ಹುಳಿ ಸ್ವಲ್ಪ ಹೆಚ್ಚೇ ಹಿಡಿದಿರ್ತದೆ. ಫ್ರಿಜ್ಜಿನಲ್ಲಿ ಇಡಿ, ಸಿಗಡಿ ಇದ್ದ ಕಾರಣ ಮರುದಿನ ಮಧ್ಯಾಹ್ನದ ಒಳಗೆ ಮುಗಿಸಿ, ಬಾಣಲೆಯಲ್ಲಿ ಹಬೆ ಏಳುವಷ್ಟು ಬಿಸಿ ಮಾಡಿ. ಫ್ರೀಜರಿಗೆ ಮಾತ್ರ ಹಾಕಬೇಡಿ. ಒಳಗಿನ ನೀರು ಮಂಜಾಗಿ ಬೇರೆಯಾದರೆ ಕರಗಿದ ಮೇಲೆ ಉಳಿಯುವುದು ತೂತು ತೂತಾದ ಗಟ್ಟಿ ನಾರು. ಒಡೆದ ಪ್ಯಾಕೆಟಿನಲ್ಲಿ ಉಳಿದ ಹಸಿ ನೂಡಲ್ಸನ್ನು ಹೊಸ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ, ದಿನಾ ನೀರು ಬದಲಿಸಿದರೆ ಮೂರು ದಿನ ಇರ್ತದೆ.